ಇಳಿಜಾರಿನ ಮೂರನೇ ತಿರುವು

...ಇಲ್ಲ ಅಕ್ಕ, ಬಾಗಿಲನ್ನೇ ನೋಡ್ತಾ ಇದ್ರೆ ಭಾವನ ಆಪರೇಷನ್ ಬೇಗ ಮುಗಿಯುತ್ತಾ? ಎಂಬತ್ತು ಕಿಲೋಮೀಟರ್ ಒಬ್ಬಳೇ ಕಾರು ಓಡಿಸ್ಕೊಂಡು ಬಂದಿದ್ದೀಯ. ಕಾಫಿ ತರ್ಲಾ? ಬೇಡ್ವಾ? ಸರಿ, ಬೇಡ.

ಏನಾಯ್ತು ಅಂತ ತಾನೆ? ಹೇಳ್ತೀನಿ, ಎಲ್ಲಾ ಹೇಳ್ತೀನಿ. ಇವತ್ತು ನಮ್ಮ ಸೈಕಲ್ ಪ್ರವಾಸದ ನಾಲ್ಕನೇ ದಿನ. ಬೆಳಿಗ್ಗೆ ಎಷ್ಟು ಚೆನ್ನಾಗಿತ್ತು ಗೊತ್ತಾ! ಏರಿನಲ್ಲೂ ಭಾವ ಹಾಡ್ಕೊಂಡು ಪೆಡಲ್ ತುಳೀತಿದ್ರು. "ಲೋ ರೆಮಿ, ಮೂವತ್ತು ವರ್ಷ ಸೈಕಲ್ ಮೇಲೆ ಟಪಾಲು ಹಂಚಿದೋನು ನಾನು. ಅರವತ್ಮೂರಾದ್ರೇನು? ನೀನು ಮೊದ್ಲು ನಿನ್ನ ಹೊಟ್ಟೆ ಇಳಿಸ್ಕೋ" ಅಂತ ನನಗೇ ಅಂದ್ರು. ಗುಡ್ಡದ ನೆತ್ತೀಲಿ ಕೂತು ಬ್ರೆಡ್ಡು, ಚೀಸು ತಿಂದ್ವಿ. ಒಂದು ಕೆಂಪು ಹಸು ಬಂದು ಭಾವನ ಚೀಲಕ್ಕೇ ಬಾಯಿ ಹಾಕ್ತು... ನಗು ಬರ್ಲಿಲ್ವಾ? ಇರ್ಲಿ ಬಿಡು.

ಆಮೇಲೆ ಇಳಿಜಾರು. ನಾನು ಮುಂದೆ, ಅವರು ಹಿಂದೆ. ಮೂರನೇ ತಿರುವಿನಲ್ಲಿ ರಸ್ತೆಗೆ ಹೊಸದಾಗಿ ಜಲ್ಲಿ ಸುರಿದಿದ್ರು ಅಕ್ಕ. ನಂದೇ ಚಕ್ರ ಜಾರ್ತು! ಹೇಗೋ ಸಾವರಿಸ್ಕೊಂಡೆ. ಹುಷಾರು ಅಂತ ಕೂಗೋಣ ಅನ್ನೋಷ್ಟರಲ್ಲಿ... ಕಬ್ಬಿಣ ಕಲ್ಲಿಗೆ ಉಜ್ಜಿದ ಶಬ್ದ. ಮೋಟುಗೋಡೆ ದಾಟಿ ಕೆಳಗೆ ಬಿದ್ದಿದ್ರು. ತೊಡೆ ಮೂಳೆ ಹೊರಗೇ...

ತಕ್ಷಣ ತಿರುಗಿದೆ ಅಕ್ಕ. ತಕ್ಷಣ! ಬೆಲ್ಟ್ ಬಿಚ್ಚಿ ತೊಡೆಗೆ ಬಿಗಿದೆ, ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಹದಿನೈದು ನಿಮಿಷದಲ್ಲಿ ಬಂದ್ರು, ಪಾಪ.

ಯಾಕೆ ಹಾಗೆ ನೋಡ್ತೀಯ? ಡಾಕ್ಟರ್ ಏನಾದ್ರೂ ಅಂದ್ರಾ? ರಕ್ತ ತುಂಬಾ ಹೋಗಿದೆ, ಸ್ವಲ್ಪ ಮುಂಚೆ ತಂದಿದ್ರೆ ಕಾಲು ಉಳಿಸೋದು ಸುಲಭ ಆಗ್ತಿತ್ತು ಅಂತ... ನನಗೂ ಹಾಗೇ ಅಂದ್ರು. ಗುಡ್ಡದ ದಾರಿ ಅಲ್ವಾ, ತಡ ಆಗುತ್ತೆ. ಆಗಲ್ವಾ?

ಏನಾದ್ರೂ ಮಾತಾಡು. ಬೈಯಾದ್ರೂ ಬೈ. ಒಳಗೆ ಕರ್ಕೊಂಡು ಹೋಗೋ ಮುಂಚೆ ಎರಡು ನಿಮಿಷ ಭಾವನ ಹತ್ರ ಇದ್ದೆಯಲ್ಲ, ಏನಂದ್ರು? ನನ್ನ ಬಗ್ಗೆ... ಏನಾದ್ರೂ?

ಅಕ್ಕ, ಮುಖ ತಿರುಗಿಸ್ಬೇಡ.

ಸರಿ... ಸರಿ. ಭಾವ ಹೇಳಿದ್ದಾರೆ ಅಲ್ವಾ. ಹೌದು, ನಾನು ತಿರುಗ್ಲಿಲ್ಲ. ಕೇಳಿಸ್ತು. "ರೆಮೀ" ಅಂತ ಎರಡು ಸಲ ಕೂಗಿದ್ರು. ಎರಡನೇ ಸಲ ದನಿ ಸಣ್ಣಗಿತ್ತು. ಬ್ರೇಕ್ ಹಿಡಿದು ನಿಂತೆ. ಹೋಗಿ ಏನು ನೋಡಬೇಕಾಗುತ್ತೋ ಅಂತ ಹೆದರಿಕೆ ಅಕ್ಕ, ಬರೀ ಹೆದರಿಕೆ! ಬ್ರೇಕ್ ಬಿಟ್ಟೆ. ಸೈಕಲ್ ತಾನೇ ಕೆಳಗೆ ಇಳೀತು. ಹಳ್ಳಿಯ ಕಾರಂಜಿ ಹತ್ರ ಮುಖ ತೊಳ್ಕೊಂಡೆ, ಬಾಟಲಿಗೆ ನೀರು ತುಂಬಿದೆ... ಯೋಚನೆ ಮಾಡು, ನೀರು ತುಂಬಿದೆ! ಆಮೇಲೆ ಕೂತೆ. ಚರ್ಚಿನ ಗಂಟೆ ಹನ್ನೆರಡು ಹೊಡೀತು, ಆಮೇಲೆ ಹನ್ನೆರಡೂವರೆನೂ ಹೊಡೀತು. ನಮಗೆ ಬ್ರೆಡ್ಡು ಮಾರಿದ್ದ ವ್ಯಾನ್ ಹೆಂಗಸು ಬಂದು, "ಬೆಳಿಗ್ಗೆ ನೀವು ಇಬ್ಬರಿದ್ರಲ್ಲ, ಇನ್ನೊಬ್ಬರೆಲ್ಲಿ?" ಅಂದ್ಲು. ಅವಳು ಕೇಳದೆ ಇದ್ದಿದ್ರೆ ನಾನು ಇನ್ನೂ ಅಲ್ಲೇ ಕೂತಿರ್ತಿದ್ದೆನೋ ಏನೋ. ಅವಳ ವ್ಯಾನಲ್ಲೇ ಮೇಲೆ ಹೋದ್ವಿ. ಬೆಲ್ಟ್ ಬಿಗಿದದ್ದೂ ಅವಳೇ. ನಾನಲ್ಲ.

ಭಾವನಿಗೆ ಎಚ್ಚರ ಇತ್ತು. ನನ್ನನ್ನ ನೋಡಿ, "ಬಂದ್ಯಾ" ಅಂದ್ರು. ಅಷ್ಟೇ.

ಏನು? ಯಾಕೆ ತಲೆ ಅಲ್ಲಾಡಿಸ್ತೀಯ? ಹೇಳಿರ್ಲಿಲ್ವಾ? ಮತ್ತೆ ಏನಂದ್ರು... ನಾನು ಓಡಿ ಬಂದೆ ಅಂತ ಅಂದ್ರಾ? ತಕ್ಷಣ ಬಂದೆ ಅಂತ? ಅವರ ಬಾಯಿಂದಲೇ?

ಅಕ್ಕ... ಯಾಕೆ ಎದ್ದೆ? ಅಕ್ಕಾ, ಎಲ್ಲಿಗೆ ಹೋಗ್ತಿದ್ದೀಯ?