ಗಾಳಿಯಾಡದ ಪೆಟ್ಟಿಗೆ

ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಸಂಜೆಯ ಬಸ್ಸಿನಲ್ಲಿ ಉಮಾಮಹೇಶ್ವರಿ ಟೀಚರ್ ಕಿಟಕಿಗೆ ತಲೆಯಾನಿಸಿ ಕೂತಿದ್ದರು. ಇನ್ನೇನು ನಿದ್ದೆ ಹತ್ತಬೇಕು, ಹಿಂದಿನ ಸೀಟಿನ ಅಕ್ಕ-ತಮ್ಮನ ಮಾತು ಕಿವಿಗೆ ಬಿತ್ತು. ಇಬ್ಬರೂ ತೊಡೆ ಮೇಲೆ ಕಂಪ್ಯೂಟರ್ ಸಾಮಾನಿನ ಡಬ್ಬಗಳನ್ನು ಹೇರಿಕೊಂಡಿದ್ದರು.

"ನಾಕು ಅಂಗಡಿ ತಿರುಗಿ ಕಾಲು ಬಿದ್ದೋದ್ವು ಫರ್ದೀನ್. ಇನ್ನೂ ಯಾಕ ಮುಖ ಹಂಗೆ ಇಟ್ಕೊಂಡೀ?"

"ಗೇಮ್ ಆಡೋ ಕಂಪ್ಯೂಟರ್ ಒಲೆ ಹಂಗೆ ಕಾಯ್ತೈತಂತೆ ಆಪಾ. ಅದನ್ನ ಇಡೋ ಪೆಟ್ಟಿಗೇಲಿ ಗಾಳಿ ಆಡಬೇಕು ಅಂದ್ರು ಅಂಗಡಿಯವ್ರು."

"ನಮ್ಮ ಅಬ್ಬಾ ಮಾಡಿರೋ ತಗಡಿನ ಪೆಟ್ಟಿಗೇಲಿ ಆಡಲ್ವಾ?"

"ಅವ್ರು ಮದುವೆ ಟ್ರಂಕ್ ಮಾಡ್ದಂಗೆ ಮಾಡಿದಾರೆ. ಸಂದಿಗೆಲ್ಲ ಬೆಸುಗೆ ಹಾಕಿ, ಇರುವೆ ಸೈತ ಹೋಗಲ್ಲ ನೋಡ್ರಿ ಅಂತ ಓಣಿಗೆಲ್ಲ ತೋರಿಸಿದಾರೆ."

"ಬಣ್ಣಾನೂ ಹೊಡದ್ರಾ?"

"ಎರಡು ಸಲ. ಬ್ಯಾರೆ ಪೆಟ್ಟಿಗೆ ತಂದ್ರೆ ಊಟ ಬಿಡ್ತಾರೆ. ತೂತು ಹೊಡೀರಿ ಅಂತ ಹೆಂಗೆ ಹೇಳೋದು? ನಲವತ್ತು ವರ್ಷ ಕೊಡ-ಬಕೀಟಿನ ತೂತು ಮುಚ್ಚಿದ ಮನುಷ್ಯ."

"ಮುಂಚೆ ಜರಡೀನೂ ಮಾಡ್ತಿದ್ರಲ್ಲೋ."

ಅಕ್ಕ ಅಪ್ಪನಿಗೆ ಫೋನ್ ಹಚ್ಚಿದಳು.

"ಅಬ್ಬಾ, ನಾನು ಸಾಯಿಮಾ. ಪೆಟ್ಟಿಗೆ ಚೆನ್ನಾಗೈತೆ. ಆದ್ರೆ ಎರಡು ಪಕ್ಕಾನೂ ಜರಡಿ ಹಂಗೆ ಆಗಬೇಕಂತೆ. ಇಲ್ಲಾಂದ್ರೆ ಒಳಗಿಂದೆಲ್ಲ ಸುಟ್ಟೋಗ್ತೈತಂತೆ."

ಆಮೇಲೆ ಅವಳು ಫೋನ್ ಕಿವಿಗೊತ್ತಿಕೊಂಡು ಕೇಳತೊಡಗಿದಳು. ಟೀಚರಿಗೆ ನಿದ್ದೆ ಹಾರಿಹೋಗಿತ್ತು. ಬಸ್ಸು ಹರಿಹರದ ನಿಲ್ದಾಣಕ್ಕೆ ತಿರುಗಿತು.

"ಏನಂದ್ರು ಆಪಾ? ಬೈದ್ರಾ?"

"ರಾಗಿ ಜರಡಿ ತೂತೋ, ಅಕ್ಕಿ ಜರಡಿ ತೂತೋ, ಸರಿಯಾಗಿ ಹೇಳು ಅಂತಿದಾರೆ. ಇಳಿ, ಡಬ್ಬ ಹುಷಾರು."