ಹಾಕದೆ ಬಿಟ್ಟ ಬುಟ್ಟಿ

ಕ್ರೀಡಾಂಗಣದ ಚಹಾ ಸಾಲಿನಲ್ಲಿ, ನನ್ನ ಮುಂದೆಯೇ, ಬ್ಯಾಸ್ಕೆಟ್‌ಬಾಲ್ ಕೋಚ್ ತನ್ನ ಆಟಗಾರನನ್ನು ಎಲ್ಲರೆದುರು ಬೈದ.

"ದೇಶದ ಅಂಗಿ ತೊಟ್ಟ ಕಂಬ ಕಣೋ ನೀನು!"

"ಗೆದ್ವಲ್ಲ ಸರ್."

"ನಾಲ್ಕೇ ಪಾಯಿಂಟಲ್ಲಿ! ಐದರ ಅಂತರ ಆಗಿದ್ರೆ ಗುಂಪಲ್ಲಿ ಮೊದಲು ಬಂದು ನೇರ ಸೆಮಿಫೈನಲ್. ಕೊನೇಲಿ ಚೆಂಡು ನಿನ್ನ ಕೈಲೇ ಇತ್ತು, ಅಡ್ಡ ಯಾರೂ ಇರ್ಲಿಲ್ಲ. ಯಾಕೋ ಹಾಕ್ಲಿಲ್ಲ?"

"ಸೋತು ನಿಂತೋರ ಮೇಲೆ ಮತ್ತೆ ಹಾಕಬಾರದು ಅಂತ ನಮ್ಮ ಬೀದೀಲಿ..."

"ಇದೇನು ನಿಮ್ಮ ಬೀದಿನಾ? ಈಗ ನಾಳೆ ಇನ್ನೊಂದು ಮ್ಯಾಚು. ಸೋತ್ರೆ ಗಂಟುಮೂಟೆ ಕಟ್ಟೋದೇ."

ಸಾಲಿನವರು ನಕ್ಕರು. ಅವರ ಹಲ್ಲು ಉದುರಿಸಬೇಕು ಅನ್ನಿಸಿತು ನನಗೆ.

"ನಾಳೆ ನನ್ನನ್ನ ಆಟಕ್ಕೆ ಇಳಿಸಿ ಸರ್. ಸೀಟಿ ಊದೋವರೆಗೂ ಹಾಕ್ತೀನಿ."

"ಅವರ ಮುಖ ನೋಡಿ ಮತ್ತೆ ಅಯ್ಯೋ ಪಾಪ ಅನ್ನಿಸಿದ್ರೆ?"

ಅವನು ಚಹಾ ಬಿಟ್ಟು, ಚೆಂಡೆತ್ತಿಕೊಂಡು, ಖಾಲಿ ಅಂಕಣದ ಕಡೆ ನಡೆದೇಬಿಟ್ಟ.