ಪಿಸ್ತೂಲಿಗೆ ಹೊಸ ನಳಿಕೆ

೧೯೭೪ರಲ್ಲಿ ಅಣ್ಣಿಗೇರಿ ಬಸ್‌ಸ್ಟ್ಯಾಂಡಿನಲ್ಲಿ ಗದಗಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ನರೆಗೂದಲಿನ ಅಕ್ಕ, ತಮ್ಮ ಕೂತಿದ್ದರು. ಅಕ್ಕನ ತೊಡೆಯ ಮೇಲೆ ಹಳೆಯ ಸ್ಪ್ರಿಂಗಿನ ಗಾಳಿ ಪಿಸ್ತೂಲು ಇತ್ತು.

“ಮಹಾದೇವಕ್ಕಾ, ಹೆಂಗೂ ನಳಿಕಿ ಬದಲಿ ಮಾಡಸಾಕ ಹುಬ್ಬಳ್ಳಿಗೆ ಹೊಂಟೇವಿ. ದೊಡ್ಡ ತೂತಿಂದು, ಪಾಯಿಂಟ್ ಟೂ ಟೂ ಹಾಕಸೂಣು.”

“ಬ್ಯಾಡೋ ಶಂಭುಲಿಂಗಾ. ಸ್ಪ್ರಿಂಗಿಗೆ ಅಷ್ಟು ಕಸುವಿಲ್ಲ, ದಪ್ಪ ಗುಂಡು ನಡುವ ಬೀಳತೈತಿ. ಮೊದಲಿನಂಗ ಸಣ್ಣ ತೂತಿಂದು, ಪಾಯಿಂಟ್ ಒನ್ ಸೆವೆನ್ ಸೆವೆನ್ ಇರ್ಲಿ.”

“ಸಣ್ಣ ಗುಂಡಿಗೆ ಹೊಲಕ್ಕ ಬರೋ ಮಂಗ್ಯಾಗೋಳು ಅಂಜತಾವೇನು?”

“ಮಂಗ್ಯಾಗ ಹೊಡಿಯಾಕಲ್ಲೋ. ಅಪ್ಪ ಇದ್ರಾಗ ನನಗ ಗುರಿ ಕಲಿಸಿದ್ದ. ಮದುವಿ ಆದಮ್ಯಾಲ ಮುಟ್ಟಿಲ್ಲ. ನಲವತ್ತು ವರ್ಷಾತು.”



“ಹಂಗಾದ್ರ ಸಣ್ಣದ ಹಾಕಸೂಣು. ಆದ್ರ ಮೊದಲನೇ ಗುಂಡು ಯಾರು ಹೊಡಿಯೋದು?”

“ನಾನ. ನೀ ಹಿಂದ ನಿಂತು ನೋಡು.”

ಹುಬ್ಬಳ್ಳಿ ಬಸ್ಸು ಬಂತು. ಇಬ್ಬರೂ ನಗುತ್ತ ಹತ್ತಿದರು.